ಆ ಬೆಳಕು ಎಷ್ಟು ದೂರದಲ್ಲಿತ್ತು? ‘ಹಾರುವ ತಟ್ಟೆ’ಯ ದೂರುಗಳ ತನಿಖೆ ನಡೆಯುವ ಬಗೆ

2023ರ ನವೆಂಬರ್ 19, ಭಾನುವಾರ ಮಧ್ಯಾಹ್ನ. ಇಂಫಾಲ ವಿಮಾನ ನಿಲ್ದಾಣದ ಮೇಲೆ ಏನೋ ಒಂದು ಸಣ್ಣ ವಸ್ತು ಹಾರುತ್ತಿರುವುದು ಸಿಬ್ಬಂದಿಯ ಕಣ್ಣಿಗೆ ಬಿತ್ತು. ವಿಮಾನಗಳ ಓಡಾಟಕ್ಕೆ ತಡೆ ಬಿತ್ತು, ಕೆಲವನ್ನು ಬೇರೆ ಊರಿಗೆ ತಿರುಗಿಸಿದರು. ರಫೇಲ್ ಯುದ್ಧವಿಮಾನಗಳು ಹುಡುಕಲು ಹೋದವು ಎಂದು ಪತ್ರಿಕೆಗಳು ಬರೆದವು. ಆಮೇಲೆ ಆ ವಸ್ತು ಕಾಣಲಿಲ್ಲ ಎಂದು ವಾಯುಪಡೆಯ ಪೂರ್ವ ಕಮಾಂಡ್ ತಿಳಿಸಿತು.

ಇಂಥ ಸುದ್ದಿ ಬಂದಾಗಲೆಲ್ಲ ವಾಟ್ಸ್ಯಾಪ್ ಗುಂಪುಗಳಲ್ಲಿ ಎರಡು ಪಕ್ಷ ಆಗುತ್ತದೆ. ಏಲಿಯನ್‌ಗಳು ಬಂದೇಬಿಟ್ಟರು ಅನ್ನುವವರು ಒಂದು ಕಡೆ, ಎಲ್ಲ ಬುರುಡೆ ಅನ್ನುವವರು ಇನ್ನೊಂದು ಕಡೆ. ಇವೆರಡರ ಮಧ್ಯೆ ಕೂತು, ಬಂದ ದೂರನ್ನು ಗಡಿಯಾರ, ದಿಕ್ಸೂಚಿ, ನಕ್ಷತ್ರಪಟ ಇಟ್ಟುಕೊಂಡು ಒಂದೊಂದಾಗಿ ಬಿಡಿಸುವವರು ಮುಕ್ಕಾಲು ಶತಮಾನದಿಂದ ಇದ್ದಾರೆ. ಅವರ ಕೆಲಸ ಬೇಜಾರು ಹಿಡಿಸುವಂಥದ್ದು, ಹಾಗಾಗಿ ಸುದ್ದಿಯಾಗುವುದಿಲ್ಲ. ಅವರು ಮಾಡುವುದೇನು, ಕೊನೆಗೆ ಅವರಿಗೆ ಸಿಕ್ಕಿದ್ದೇನು ಎಂಬುದು ಈ ಲೇಖನದ ವಿಷಯ.

ಮೊದಲು ಹೆಸರುಗಳು

ಯುಎಫ್‌ಒ ಎಂದರೆ ನೋಡಿದವರಿಗೆ ಇಂಥದ್ದೇ ಎಂದು ಗುರುತು ಹಿಡಿಯಲಾಗದ, ಹಾರುವ ವಸ್ತು. ಅಮೆರಿಕದ ಸರ್ಕಾರಿ ಕಡತಗಳಲ್ಲಿ ಈಗ ಅದರ ಬದಲು ಯುಎಪಿ, ಅಂದರೆ ಗುರುತು ಸಿಗದ ಅಸಹಜ ವಿದ್ಯಮಾನ ಎಂದು ಬರೆಯುತ್ತಾರೆ. ಕಂಡದ್ದು ವಸ್ತುವೇ ಆಗಿರಬೇಕಿಲ್ಲ. ಪ್ರತಿಫಲನವೋ ರಾಡಾರ್‌ನ ಎಡವಟ್ಟೋ ಆಗಿರಬಹುದು ಎನ್ನುವುದಕ್ಕೆ ಆ ಬದಲಾವಣೆ.

‘ಹಾರುವ ತಟ್ಟೆ’ ಇವೆರಡಕ್ಕಿಂತ ಹಳೆಯದು. 1947ರ ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಖಾಸಗಿ ಪೈಲಟ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಬಳಿ ಹಾರುತ್ತಿದ್ದ. ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಹೋದದ್ದನ್ನು ಕಂಡ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವಂತೆ ಹೋದವು ಎಂದು ಅವನು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಯವರು ಆಕಾರವನ್ನೇ ತಟ್ಟೆ ಮಾಡಿಬಿಟ್ಟರು. ಅದಾದ ಮೇಲೆ ಜನ ತಟ್ಟೆಗಳನ್ನೇ ಕಾಣತೊಡಗಿದ್ದು ಈ ಕಥೆಯ ಸ್ವಾರಸ್ಯಗಳಲ್ಲಿ ಒಂದು.

ಆದರೆ ಅರ್ನಾಲ್ಡ್ ಇನ್ನೊಂದು ಕೆಲಸ ಮಾಡಿದ್ದ. ರೇನಿಯರ್ ಬೆಟ್ಟದಿಂದ ಆಡಮ್ಸ್ ಬೆಟ್ಟದವರೆಗೆ ಅವು ಸಾಗಲು ಹಿಡಿದ ಸಮಯವನ್ನು ವಿಮಾನದ ಗಡಿಯಾರದಲ್ಲಿ ಅಳೆದಿದ್ದ. ಲೆಕ್ಕ ಹಾಕಿದರೆ ವೇಗ ಗಂಟೆಗೆ ಸಾವಿರದ ಇನ್ನೂರು ಮೈಲಿಗೂ ಮೀರಿತ್ತು. ಶಬ್ದದ ವೇಗವನ್ನು ವಿಮಾನವೊಂದು ದಾಟಿದ್ದು ಆ ವರ್ಷದ ಅಕ್ಟೋಬರಿನಲ್ಲಿ. ಅಂದರೆ ಜೂನಿನಲ್ಲಿ ಭೂಮಿಯ ಮೇಲೆ ಅಂಥ ಯಂತ್ರವೇ ಇರಲಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಲೆಕ್ಕ ನಿಂತಿರುವುದು ವಸ್ತುಗಳು ಬೆಟ್ಟಗಳಷ್ಟೇ ದೂರದಲ್ಲಿದ್ದವು ಎಂಬ ಒಂದೇ ಕಂಬದ ಮೇಲೆ. ಅವು ಅದರ ಹತ್ತನೇ ಒಂದು ಪಾಲು ದೂರದಲ್ಲಿದ್ದಿದ್ದರೆ ವೇಗವೂ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಕಣ್ಣಿಗೆ ಗೊತ್ತಾಗದ ಸಂಗತಿ

ಇಡೀ ತನಿಖೆಯ ಗುಟ್ಟು ಇರುವುದು ಇಲ್ಲೇ. ನೆಲದ ಮೇಲಿನ ವಸ್ತು ಎಷ್ಟು ದೂರದಲ್ಲಿದೆ ಎಂದು ನಾವು ಅಂದಾಜಿಸುವುದು ಸುತ್ತಲಿನ ಮರ, ಮನೆ, ರಸ್ತೆ ನೋಡಿ. ಖಾಲಿ ಆಕಾಶದಲ್ಲಿ ಅದ್ಯಾವುದೂ ಇಲ್ಲ. ಎರಡು ಕಣ್ಣಿನ ನಡುವಿನ ಅಂತರದಿಂದ ಸಿಗುವ ಆಳದ ಅರಿವು ಅಷ್ಟು ದೂರಕ್ಕೆ ಕೆಲಸಕ್ಕೆ ಬಾರದು. ಇನ್ನೂರು ಮೀಟರ್ ಮೇಲಿನ ಡ್ರೋನ್ ದೀಪ, ಹತ್ತು ಕಿಲೋಮೀಟರ್ ಮೇಲಿನ ವಿಮಾನ, ಕೋಟ್ಯಂತರ ಕಿಲೋಮೀಟರ್ ಆಚೆಯ ಶುಕ್ರಗ್ರಹ, ಮೂರೂ ಕಣ್ಣಿಗೆ ಒಂದೊಂದು ಚುಕ್ಕೆ.

ದೂರ ಗೊತ್ತಿಲ್ಲದಿದ್ದರೆ ಗಾತ್ರ ಹೇಳಲಾಗದು, ವೇಗವಂತೂ ಹೇಳಲಾಗದು. ‘ಬಸ್ಸಿನಷ್ಟು ದೊಡ್ಡದಿತ್ತು, ಕ್ಷಣಾರ್ಧದಲ್ಲಿ ಮಾಯವಾಯಿತು’ ಎಂದು ಸಾಕ್ಷಿ ಹೇಳಿದಾಗ ತನಿಖೆ ಮಾಡುವವರು ಅದನ್ನು ಸುಳ್ಳು ಅನ್ನುವುದಿಲ್ಲ. ಅವರು ಕೇಳುವ ಪ್ರಶ್ನೆ ಬೇರೆ: ಎಷ್ಟು ಗಂಟೆಗೆ, ಯಾವ ದಿಕ್ಕಿಗೆ, ನೆಲದಿಂದ ಎಷ್ಟು ಎತ್ತರದ ಕೋನದಲ್ಲಿ, ಎಷ್ಟು ಹೊತ್ತು? ಈ ನಾಲ್ಕು ಸಿಕ್ಕರೆ ಉಳಿದದ್ದನ್ನು ಲೆಕ್ಕದಿಂದ ತೆಗೆಯಲು ದಾರಿಯಿದೆ.

ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿ ನೋಡುತ್ತಿದ್ದರೆ ಅದು ಅತ್ತಿತ್ತ ಅಲುಗಾಡಿದಂತೆ ಕಾಣುತ್ತದೆ. ನಿಂತ ನಕ್ಷತ್ರವೂ ಹಾಗೇ. ನಾವು ಕಾರಿನಲ್ಲಿ ಹೋಗುತ್ತಿದ್ದರಂತೂ ದೂರದ ಬೆಳಕು ನಮ್ಮ ಬೆನ್ನು ಹತ್ತಿದ ಹಾಗೇ ಇರುತ್ತದೆ. ಇದಕ್ಕೆ ಪೊಲೀಸರು, ಪೈಲಟ್‌ಗಳು, ಸೈನಿಕರು ಯಾರೂ ಹೊರತಲ್ಲ.

ಪ್ಯಾಂಗಾಂಗ್ ಸರೋವರದ ಮೇಲಿನ ದೀಪಗಳು

ಸೈನಿಕರು ಎಂದಾಗ ಲಡಾಖಿನ ಪ್ರಕರಣ ಹೇಳಲೇಬೇಕು. ಅದನ್ನು ಬಿಡಿಸಿದ್ದು ನಮ್ಮ ಬೆಂಗಳೂರಿನ ಸಂಸ್ಥೆ.

2012ರಲ್ಲಿ ಚೀನಾ ಗಡಿಯ ಪ್ಯಾಂಗಾಂಗ್ ಸರೋವರದ ಕಡೆಯ ಕಾವಲು ಠಾಣೆಗಳಿಂದ ಒಂದರ ಹಿಂದೊಂದು ವರದಿ ಬರತೊಡಗಿತು. ಹಳದಿ ಬಣ್ಣದ ಬೆಳಕಿನ ಗೋಳಗಳು ಚೀನಾ ಕಡೆಯ ದಿಗಂತದಿಂದ ಏಳುತ್ತವೆ, ಮೂರರಿಂದ ಐದು ಗಂಟೆ ಆಕಾಶದಲ್ಲಿ ನಿಧಾನವಾಗಿ ಸಾಗುತ್ತವೆ, ಆಮೇಲೆ ಮರೆಯಾಗುತ್ತವೆ. ಆ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಇಂಥ 329 ವರದಿ ದಾಖಲಾದವು. ಅದರಲ್ಲಿ 155 ಸಲ ಆ ವಸ್ತುಗಳು ಗಡಿ ದಾಟಿ ಒಳಬಂದವು ಎಂದೂ ಬರೆದುಕೊಳ್ಳಲಾಗಿತ್ತು. ಬೇಹುಗಾರಿಕೆ ಡ್ರೋನ್ ಇರಬಹುದು ಎಂಬ ಅನುಮಾನ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಅದು ಅತಿಯಾದ ಅನುಮಾನವೇನಲ್ಲ.

ಸೇನೆ ಭಾರತೀಯ ಖಭೌತ ಸಂಸ್ಥೆಯನ್ನು ಕೇಳಿತು. ಕೋರಮಂಗಲದಲ್ಲಿರುವ ಈ ಸಂಸ್ಥೆಯ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಂದರೆ ಆ ಆಕಾಶ ಇವರಿಗೆ ಹೊಸದಲ್ಲ.

ಖಗೋಳ ವಿಜ್ಞಾನಿಗಳು ಬಿಡಿಸಬೇಕಿದ್ದ ಪ್ರಶ್ನೆ ಒಂದೇ: ಇವು ಆಕಾಶಕಾಯಗಳೋ, ಭೂಮಿಯವೋ? ಅದಕ್ಕೆ ನಕ್ಷತ್ರಗಳೇ ಅಳತೆಗೋಲು. ಡ್ರೋನ್ ತನ್ನ ಪಾಡಿಗೆ ನಕ್ಷತ್ರಗಳ ನಡುವೆ ಅಡ್ಡಾದಿಡ್ಡಿ ಹೋಗುತ್ತದೆ. ಗ್ರಹವಾದರೆ ಒಂದು ರಾತ್ರಿಯಲ್ಲಿ ತನ್ನ ಸುತ್ತಲಿನ ನಕ್ಷತ್ರಗಳ ಜೊತೆಗೇ ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತದೆ. ಇನ್ನೊಂದು ಗುರುತೂ ಇದೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷದಂತೆ ಬೇಗ ಹುಟ್ಟುತ್ತವೆ, ಗುರುಗ್ರಹವೂ ಹೆಚ್ಚುಕಡಿಮೆ ಹಾಗೇ. ಯಾವ ಸೇನೆಯ ಡ್ರೋನೂ ತಿಂಗಳುಗಟ್ಟಲೆ ಇಷ್ಟು ಶಿಸ್ತಾಗಿ ವೇಳಾಪಟ್ಟಿ ಪಾಲಿಸುವುದಿಲ್ಲ.

ಚಲನೆಯನ್ನು ನಕ್ಷತ್ರಗಳಿಗೆ ಹೋಲಿಸಿ ನೋಡಿದಾಗ ಒಂದು ಶುಕ್ರ, ಇನ್ನೊಂದು ಗುರು ಎಂದಾಯಿತು. ಆ ತಿಂಗಳುಗಳಲ್ಲಿ ಶುಕ್ರ ಬೆಳಗಿನ ಜಾವ ಮೂಡುತ್ತಿತ್ತು, ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಮೂಡಿತು ಅನ್ನುತ್ತೇವಲ್ಲ ಅದೇ. ಗುರು ಡಿಸೆಂಬರ್ ಹೊತ್ತಿಗೆ ಸಂಜೆಯೇ ಏಳುತ್ತಿತ್ತು. ಎರಡೂ ಹುಟ್ಟುವುದು ಪೂರ್ವದಲ್ಲಿ, ಅಲ್ಲಿ ಪೂರ್ವ ಎಂದರೆ ಚೀನಾ ಕಡೆ. ಧೂಳಿಲ್ಲದ ತೆಳುಗಾಳಿಯಲ್ಲಿ ಅವು ಬಯಲಿನಲ್ಲಿ ಕಂಡದ್ದಕ್ಕಿಂತ ಪ್ರಖರವಾಗಿ ಕಾಣುತ್ತವೆ. ಮೈ ಕೊರೆಯುವ ಚಳಿಯಲ್ಲಿ ಎದುರಾಳಿಯ ಡ್ರೋನಿಗಾಗಿ ಕಣ್ಣು ನೆಟ್ಟು ಕೂತವನಿಗೆ ಅದು ಡ್ರೋನಾಗಿ ಕಂಡರೆ ನಗುವುದರಲ್ಲಿ ಅರ್ಥವಿಲ್ಲ. ಅವರು ಬರೆದಿಟ್ಟ ಸಾಲುಸಾಲು ವರದಿ ಇದ್ದದ್ದರಿಂದಲೇ ಪ್ರಕರಣ ಬಗೆಹರಿಯಿತು.

ಪರದೆಯ ಮೇಲಿದ್ದ ಅಂಕಿಗಳು

ಇನ್ನು ‘ಗೋ ಫಾಸ್ಟ್’ ವಿಡಿಯೊ. ನಿಮ್ಮ ಫೋನಿಗೂ ಬಂದಿರಬಹುದು. 2015ರಲ್ಲಿ ಅಮೆರಿಕದ ನೌಕಾಪಡೆಯ ಯುದ್ಧವಿಮಾನದ ಕ್ಯಾಮೆರಾ ಸೆರೆಹಿಡಿದದ್ದು. 2020ರ ಏಪ್ರಿಲ್‌ನಲ್ಲಿ ಪೆಂಟಗನ್, ಅಂದರೆ ಅಲ್ಲಿನ ರಕ್ಷಣಾ ಇಲಾಖೆ, ಅಧಿಕೃತವಾಗಿ ಬಿಡುಗಡೆ ಮಾಡಿದ ಮೂರು ವಿಡಿಯೊಗಳಲ್ಲಿ ಒಂದು. ಸಮುದ್ರದ ಮೇಲೆ ಬಿಳಿಯ ಚುಕ್ಕೆಯೊಂದು ನೀರು ಸವರಿಕೊಂಡು ಭರ್‍ರನೆ ಓಡುತ್ತದೆ. ರೆಕ್ಕೆಯಿಲ್ಲ, ಹೊಗೆಯಿಲ್ಲ. ಪೈಲಟ್‌ಗಳ ಉದ್ಗಾರ ಬೇರೆ.

ಈ ವಿಡಿಯೊದ ಭಾಗ್ಯವೆಂದರೆ ದೂರ ಪರದೆಯ ಮೇಲೇ ಬರೆದಿದೆ. ವಿಮಾನ ಇದ್ದ ಎತ್ತರ 25,000 ಅಡಿ, ಅಂದರೆ 7.6 ಕಿ.ಮೀ. ಕೊನೆಯ ಹೊತ್ತಿಗೆ ಕ್ಯಾಮೆರಾ ಸುಮಾರು 35 ಡಿಗ್ರಿ ಕೆಳಕ್ಕೆ ನೋಡುತ್ತಿದೆ, ವಸ್ತುವಿಗೆ ಇರುವ ದೂರ 3.4 ನಾಟಿಕಲ್ ಮೈಲಿ, ಅಂದರೆ 6.3 ಕಿ.ಮೀ. ಹೈಸ್ಕೂಲಿನ ತ್ರಿಕೋನಮಿತಿ ಸಾಕು: 6.3ನ್ನು 35 ಡಿಗ್ರಿಯ ಸೈನ್ ಬೆಲೆ 0.57ರಿಂದ ಗುಣಿಸಿದರೆ 3.6. ವಸ್ತು ವಿಮಾನಕ್ಕಿಂತ 3.6 ಕಿ.ಮೀ. ಕೆಳಗಿದೆ. 7.6ರಲ್ಲಿ 3.6 ಕಳೆದರೆ ಉಳಿದದ್ದು 4 ಕಿ.ಮೀ. ನೀರು ಸವರಿಕೊಂಡು ಹೋಗುತ್ತಿದೆ ಎಂದುಕೊಂಡ ವಸ್ತು ನೀರಿನಿಂದ ನಾಲ್ಕು ಕಿಲೋಮೀಟರ್ ಮೇಲಿದೆ.

ಹಾಗಾದರೆ ಓಡಿದ್ದು ಯಾವುದು? ರೈಲಿನ ಕಿಟಕಿಯಲ್ಲಿ ಕೂತು ಹಳಿ ಪಕ್ಕದ ಒಂದು ಮರವನ್ನೇ ಕತ್ತು ತಿರುಗಿಸುತ್ತ ನೋಡಿ. ಮರದ ಹಿಂದಿನ ಗುಡ್ಡ ಸರಸರನೆ ಸರಿದಂತೆ ಕಾಣುತ್ತದೆ. ಮರವೂ ನಿಂತಿದೆ, ಗುಡ್ಡವೂ ನಿಂತಿದೆ, ಓಡುತ್ತಿರುವುದು ನೀವು. ಇಲ್ಲಿ ರೈಲಿನ ಬದಲು ಗಂಟೆಗೆ 700 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತಿರುವ ವಿಮಾನ, ಗುಡ್ಡದ ಬದಲು ಸಮುದ್ರ. ನಾಸಾ ನೇಮಿಸಿದ್ದ ಸ್ವತಂತ್ರ ಅಧ್ಯಯನ ತಂಡ 2023ರ ಸೆಪ್ಟೆಂಬರ್ ವರದಿಯಲ್ಲಿ ಈ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿತು. ವಸ್ತುವಿನ ವೇಗ ಗಂಟೆಗೆ ಸುಮಾರು 40 ಮೈಲಿ, ಅಂದರೆ 64 ಕಿ.ಮೀ. ಆ ಎತ್ತರದಲ್ಲಿ ಗಾಳಿಯೇ ಅಷ್ಟು ಬೀಸುತ್ತದೆ. ಪೆಂಟಗನ್‌ನ ತನಿಖಾ ಕಚೇರಿಯೂ 2024ರಲ್ಲಿ ಅದೇ 13,000 ಅಡಿ ಎತ್ತರದ ತೀರ್ಮಾನಕ್ಕೆ ಬಂತು. ಆ ಚುಕ್ಕೆ ಬಲೂನೋ ಹಕ್ಕಿಯೋ ಎಂದು ವಿಡಿಯೊ ಒಂದರಿಂದಲೇ ಹೇಳಲಾಗದು. ಆದರೆ ಜಗತ್ತನ್ನು ಬೆರಗಾಗಿಸಿದ್ದ ವೇಗವೇ ಇಲ್ಲವಾಯಿತು.

ಮತ್ತೆ ಮತ್ತೆ ಸಿಗುವ ಉತ್ತರಗಳು

ಯಾವ ದೇಶದ ಕಡತ ತೆರೆದರೂ ಉತ್ತರಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಶುಕ್ರ, ಗುರು, ಉಲ್ಕೆ, ವಿಮಾನ, ಉಪಗ್ರಹ, ಡ್ರೋನ್, ಹಕ್ಕಿ. ಇವುಗಳ ಜೊತೆ ತಪ್ಪದೆ ಬರುವಂಥದ್ದು ಬಲೂನು.

1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ಪೈಲಟ್ ಆಕಾಶದಲ್ಲಿ ಕಂಡ ಹೊಳೆಯುವ ವಸ್ತುವನ್ನು ಅಟ್ಟಿಸಿಕೊಂಡು ಹೋಗಿ, ಆಮ್ಲಜನಕವಿಲ್ಲದೆ ಪ್ರಜ್ಞೆ ತಪ್ಪಿ, ವಿಮಾನ ಬಿದ್ದು ಸತ್ತ. ಅದು ಶುಕ್ರ ಎಂದು ಮೊದಲು ಹೇಳಿದರು. ನೌಕಾಪಡೆಯ ‘ಸ್ಕೈಹುಕ್’ ಎಂಬ ಭಾರಿ ಸಂಶೋಧನಾ ಬಲೂನು ಇದ್ದಿರಬೇಕು ಎಂಬುದು ಆಮೇಲಿನ, ಹೆಚ್ಚು ಒಪ್ಪುವ ವಿವರಣೆ. ಆ ಯೋಜನೆ ಗುಟ್ಟಾಗಿದ್ದರಿಂದ ಅಂಥದ್ದೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಹತ್ತಿರದಲ್ಲಿದೆ ಅಂದುಕೊಂಡದ್ದು ಅವನ ವಿಮಾನ ಏರಲಾರದಷ್ಟು ಮೇಲಿತ್ತು.

ಬಲೂನು ನಮಗೂ ಹೊಸದಲ್ಲ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರವಿದೆ. ಅಲ್ಲಿಂದ ಹಾರಿಸುವ ತೆಳು ಪ್ಲಾಸ್ಟಿಕ್ಕಿನ ದೈತ್ಯ ಬಲೂನುಗಳು ಉಪಕರಣ ಹೊತ್ತು 30 ಕಿ.ಮೀ.ಗೂ ಮೇಲೆ ಏರುತ್ತವೆ. ಗಾಳಿ ಒಯ್ದರೆ ಬೀದರ್, ಕಲಬುರಗಿ, ವಿಜಯಪುರದ ಕಡೆ ಇಳಿಯುತ್ತವೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಬಿದ್ದು ಊರಿಗೆ ಊರೇ ಸೇರಿತ್ತು. ಸಂಜೆ ನೆಲದಲ್ಲಿ ಕತ್ತಲು ಇಳಿದ ಮೇಲೂ ಅಷ್ಟು ಎತ್ತರದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬಿಸಿಲು ಇರುತ್ತದೆ. ಕೆಳಗಿನವರಿಗೆ ಕಾಣುವುದು ನಿಂತಲ್ಲೇ ನಿಂತು ಹೊಳೆಯುವ, ಸದ್ದಿಲ್ಲದ ಬೆಳಕು.

ಸ್ಟಾರ್‌ಲಿಂಕ್ ಉಪಗ್ರಹಗಳದ್ದೂ ಇದೇ ಕತೆ. 2019ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಅರವತ್ತನ್ನು ಒಟ್ಟಿಗೆ ಬಿಟ್ಟರು. ಹೊಸದಾಗಿ ಬಿಟ್ಟ ಕೆಲವು ದಿನ ಅವು ಒಂದೇ ಸಾಲಿನಲ್ಲಿ, ಮಣಿಸರ ಎಳೆದಂತೆ ಸಾಗುತ್ತವೆ. ರಾಕೆಟ್ಟಿನ ಅವಶೇಷ ವಾಯುಮಂಡಲ ಹೊಕ್ಕಾಗಿನ ನೋಟ ಇನ್ನೂ ಭಯಂಕರ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶದ ಆಕಾಶದಲ್ಲಿ ಉರಿಯುತ್ತ ಹೋದದ್ದು ಚೀನಾ ರಾಕೆಟ್ಟಿನ ತುಂಡು. ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಲೋಹದ ದೊಡ್ಡ ಬಳೆಯೇ ಬಿತ್ತು. ಫ್ರಾನ್ಸಿನ ಕಡತಗಳಲ್ಲಿ ಮದುವೆ, ಹಬ್ಬಗಳಲ್ಲಿ ಹಾರಿಬಿಡುವ ಕಾಗದದ ದೀಪಗಳ ಹಾವಳಿ ಜಾಸ್ತಿ.

ಕ್ಯಾಮೆರಾ ಮಾಡುವ ಚೇಷ್ಟೆಗಳೂ ಇವೆ. ಹಡಗಿನ ಮೇಲೆ ಹಸಿರು ತ್ರಿಕೋನಗಳು ಹಾರಾಡಿದ ಅಮೆರಿಕದ ವಿಡಿಯೊವೊಂದು ಬಹಳ ಸದ್ದು ಮಾಡಿತ್ತು. ಅವು ಡ್ರೋನ್‌ಗಳು, ರಾತ್ರಿ ಕಾಣಿಸುವ ಕನ್ನಡಕದ ಮೂಲಕ ಕ್ಯಾಮೆರಾ ಹಿಡಿದದ್ದರಿಂದ ತ್ರಿಕೋನವಾಗಿ ಮೂಡಿವೆ ಎಂದು 2022ರ ಮೇನಲ್ಲಿ ಅಧಿಕಾರಿಗಳು ಸಂಸತ್ತಿಗೆ ವಿವರಿಸಿದರು.

ಉತ್ತರ ಸರಿಯಿದ್ದರೂ ಹೇಳುವ ರೀತಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ 1966ರ ಪ್ರಕರಣ ನೋಡಬೇಕು. ವಾಯುಪಡೆಯ ಸಲಹೆಗಾರ, ಖಗೋಳ ವಿಜ್ಞಾನಿ ಅಲೆನ್ ಹೈನೆಕ್, ಜನ ಕಂಡ ಕೆಲವು ಬೆಳಕುಗಳು ಜೌಗುನೆಲದ ಅನಿಲ ಹೊತ್ತಿಕೊಂಡದ್ದಿರಬಹುದು ಎಂದ. ನಮ್ಮಲ್ಲಿ ಕೊಳ್ಳಿದೆವ್ವ ಅನ್ನುವುದಕ್ಕೆ ಕೊಡುವ ವಿವರಣೆಯೇ ಅದು. ಜನ ತಮ್ಮನ್ನು ಮಂಕುಗಳೆಂದು ಕರೆದಂತೆ ರೊಚ್ಚಿಗೆದ್ದರು. ಆ ರಾಜ್ಯದ ಸಂಸದ, ಮುಂದೆ ಅಧ್ಯಕ್ಷನಾದ ಜೆರಾಲ್ಡ್ ಫೋರ್ಡ್ ವಿಚಾರಣೆ ಆಗಬೇಕೆಂದು ಪಟ್ಟು ಹಿಡಿದ.

ಸರ್ಕಾರವೇ ಸುಳ್ಳು ಹೇಳಿದಾಗ

ಸರ್ಕಾರ ಏನೋ ಮುಚ್ಚಿಡುತ್ತಿದೆ ಎಂಬ ಮಾತು ಪೂರ್ತಿ ಬುಡವಿಲ್ಲದ್ದಲ್ಲ. ಮುಚ್ಚಿಟ್ಟದ್ದು ನಿಜ, ಮುಚ್ಚಿಟ್ಟದ್ದು ಬೇರೆಯದನ್ನು.

1947ರ ಜುಲೈನಲ್ಲಿ ನ್ಯೂ ಮೆಕ್ಸಿಕೊದ ರೋಸ್‌ವೆಲ್‌ನಲ್ಲಿ ‘ಹಾರುವ ತಟ್ಟೆ’ ಸಿಕ್ಕಿದೆ ಎಂದು ವಾಯುನೆಲೆಯೇ ಪ್ರಕಟಣೆ ಕೊಟ್ಟಿತು. ಬೆನ್ನಿಗೇ ಅದು ಹವಾಮಾನ ಬಲೂನು ಎಂದು ಸೇನೆ ಮಾತು ಬದಲಾಯಿಸಿತು. 1994ರ ವಾಯುಪಡೆ ವರದಿಯ ಪ್ರಕಾರ ಅದು ‘ಮೊಗುಲ್’ ಎಂಬ ಗುಪ್ತ ಯೋಜನೆಯ ಬಲೂನು ಸರ. ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷಿಸಿದರೆ ಅದರ ಸದ್ದನ್ನು ಮೇಲಿನ ವಾಯುಮಂಡಲದಲ್ಲಿ ಆಲಿಸಲು ಕಟ್ಟಿದ್ದು. 1955ರಿಂದ ಹಾರತೊಡಗಿದ ಯು-2 ಬೇಹು ವಿಮಾನದ್ದೂ ಅಷ್ಟೇ. ಪ್ರಯಾಣಿಕ ವಿಮಾನಗಳು 20,000 ಅಡಿಯ ಒಳಗೆ ಹಾರುತ್ತಿದ್ದ ಕಾಲದಲ್ಲಿ ಅದು 60,000 ಅಡಿಯ ಮೇಲೆ ಸಂಜೆಬಿಸಿಲಿಗೆ ಹೊಳೆಯುತ್ತಿತ್ತು. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ಯುಎಫ್‌ಒ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇಂಥ ಬೇಹು ವಿಮಾನಗಳೇ ಕಾರಣ ಎಂದು ಸಿಐಎಯ 1997ರ ಅಧ್ಯಯನ ಹೇಳುತ್ತದೆ. ಆ ಪಾಲು ಉತ್ಪ್ರೇಕ್ಷೆ ಎನ್ನುವವರೂ ಇದ್ದಾರೆ. ಏನೇ ಇರಲಿ, ಸತ್ಯ ಗೊತ್ತಿದ್ದ ಅಧಿಕಾರಿಗಳು ದೂರುದಾರರಿಗೆ ಮಂಜಿನ ಹರಳು, ಗಾಳಿಯ ಪದರ ಎಂದು ಏನೇನೋ ಹೇಳಿ ಕಳಿಸಬೇಕಾಯಿತು. ಅನುಮಾನ ಬೆಳೆಯದೆ ಇನ್ನೇನಾದೀತು?

ಉತ್ತರ ಸಿಗದೆ ಉಳಿದವು

ಅಮೆರಿಕದ ವಾಯುಪಡೆ ಇಂಥ ದೂರುಗಳ ತನಿಖೆಗೆಂದೇ ‘ಬ್ಲೂ ಬುಕ್’ ಎಂಬ ಯೋಜನೆಯನ್ನು 1952ರಿಂದ 1969ರವರೆಗೆ ನಡೆಸಿತು. ಅದು ಮತ್ತು ಅದಕ್ಕೂ ಹಿಂದಿನ ಎರಡು ಯೋಜನೆಗಳು ಸೇರಿ 1947ರಿಂದ ಬಂದ ವರದಿಗಳು 12,618. ಅದರಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ. ಈ 701 ಎಂಬ ಸಂಖ್ಯೆಯೇ ಇಂದಿಗೂ ವಾದಗಳ ಬಂಡವಾಳ.

ಫ್ರಾನ್ಸಿನವರ ವಿಂಗಡಣೆ ಇದಕ್ಕಿಂತ ಸ್ಪಷ್ಟ. ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲೇ 1977ರಿಂದ ಇದಕ್ಕೊಂದು ವಿಭಾಗವಿದೆ, ಈಗ ಅದರ ಹೆಸರು ಗೀಪಾನ್, ಕಚೇರಿ ತುಲೂಸ್ ನಗರದಲ್ಲಿ. ಅವರು ಪ್ರಕರಣಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಎ ಎಂದರೆ ಖಚಿತ ಉತ್ತರ ಸಿಕ್ಕಿತು, ಬಿ ಎಂದರೆ ಬಹುತೇಕ ಸಿಕ್ಕಿತು, ಸಿ ಎಂದರೆ ಮಾಹಿತಿ ಸಾಲದು, ಡಿ ಎಂದರೆ ಮಾಹಿತಿ ಚೆನ್ನಾಗಿಯೇ ಇದ್ದು, ತನಿಖೆಯಾದ ಮೇಲೂ ಅರ್ಥವಾಗಲಿಲ್ಲ. ಸಿ ಮತ್ತು ಡಿ ಬೇರೆ ಮಾಡಿದ್ದೇ ಇಲ್ಲಿನ ಜಾಣತನ. ಡಿ ಗುಂಪಿನ ಪಾಲು ನೂರಕ್ಕೆ ಮೂರರ ಆಸುಪಾಸು.

‘ಗೋ ಫಾಸ್ಟ್’ ಲೆಕ್ಕ ಹಾಕಿದ, ಪೆಂಟಗನ್ 2022ರಲ್ಲಿ ತೆರೆದ ತನಿಖಾ ಕಚೇರಿಯ ಹೆಸರು ಆರೋ. 2024ರ ನವೆಂಬರ್ ವರದಿಯಲ್ಲಿ ಅದು 757 ಹೊಸ ದೂರುಗಳ ಲೆಕ್ಕ ಕೊಟ್ಟಿತು. 49 ಬಗೆಹರಿದಿದ್ದವು, ಇನ್ನು 243ಕ್ಕೆ ಉತ್ತರ ಸಿಕ್ಕು ಕೊನೆಯ ಪರಿಶೀಲನೆಗೆ ಕಾದಿದ್ದವು: ಬಲೂನು, ಹಕ್ಕಿ, ಡ್ರೋನ್, ಉಪಗ್ರಹ, ವಿಮಾನ. 444 ದೂರುಗಳಲ್ಲಿ ಮುಂದುವರಿಯುವಷ್ಟು ಮಾಹಿತಿಯೇ ಇರಲಿಲ್ಲ, ಕಡತಕ್ಕೆ ಸೇರಿದವು. ಇನ್ನಷ್ಟು ಕೆದಕಬೇಕು ಅನ್ನಿಸಿದ್ದು 21. ಈ 21ನ್ನು ತೋರಿಸಿ ಏಲಿಯನ್ ಅನ್ನುವುದೂ, ಬರೀ ಬಲೂನು ಅನ್ನುವುದೂ ಎರಡೂ ದುಡುಕು. ನನ್ನ ಗಮನ ಸೆಳೆಯುವುದು ಆ 444. ಅರ್ಧಕ್ಕಿಂತ ಹೆಚ್ಚು ದೂರುಗಳು ಉತ್ತರವಿಲ್ಲದೆ ನಿಂತದ್ದು ಕಂಡದ್ದು ವಿಚಿತ್ರ ಎಂಬ ಕಾರಣಕ್ಕಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ದೂರ ಎಂಬುದು ಯಾರ ಹತ್ತಿರವೂ ಇರಲಿಲ್ಲ. ಭೂಮಿಯಾಚೆಯವರದ್ದು ಎನ್ನಲು ಈವರೆಗೆ ಯಾವ ಪುರಾವೆಯೂ ಸಿಕ್ಕಿಲ್ಲ ಎಂಬುದು ಆ ಕಚೇರಿಯ ನಿಲುವು.

ನಿಮಗೇ ಏನಾದರೂ ಕಂಡರೆ

ಝೂಮ್ ಮಾಡಬೇಡಿ. ಝೂಮ್ ಮಾಡಿದ ಕತ್ತಲ ಚುಕ್ಕೆಯಿಂದ ಯಾರಿಗೂ ಏನೂ ತಿಳಿಯದು. ಚೌಕಟ್ಟಿನೊಳಗೆ ತೆಂಗಿನಮರವೋ ನೀರಿನ ಟ್ಯಾಂಕೋ ಬರುವ ಹಾಗೆ ಫೋನನ್ನು ಗೋಡೆಗೆ ಆನಿಸಿ ಹಿಡಿಯಿರಿ. ಸಮಯ, ದಿಕ್ಕು ಬರೆದುಕೊಳ್ಳಿ. ಎತ್ತರದ ಕೋನಕ್ಕೆ ಸುಲಭದ ಅಳತೆಯಿದೆ: ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಂದು ಎಣಿಸಿ. ಮಾರನೆಯ ದಿನ ಅದೇ ಹೊತ್ತಿಗೆ ಅಲ್ಲೇ ಕಂಡರೆ ಗ್ರಹವೆಂದು ಅರ್ಧ ಗೊತ್ತಾದಂತೆ.

ಎಲ್ಲಕ್ಕಿಂತ ಬೆಲೆಬಾಳುವುದು ಬೇರೆ ಊರಿನ ಇನ್ನೊಬ್ಬ ಸಾಕ್ಷಿ. ನೀವು ಹುಬ್ಬಳ್ಳಿಯಲ್ಲಿದ್ದರೆ ಧಾರವಾಡದ ಗೆಳೆಯರಿಗೆ ಫೋನ್ ಮಾಡಿ ಕೇಳಿ. ನಡುವೆ ಇಪ್ಪತ್ತು ಕಿಲೋಮೀಟರ್ ಇದೆ. ಇಬ್ಬರಿಗೂ ಅದೇ ದಿಕ್ಕಿನಲ್ಲಿ, ಅಷ್ಟೇ ಮುಷ್ಟಿ ಎತ್ತರದಲ್ಲಿ ಕಂಡರೆ ಅದು ಬಹಳ ದೂರದ್ದು. ದಿಕ್ಕು ಬೇರೆ ಬಂದರೆ ಎರಡು ಕೋನದಿಂದ ಅದರ ದೂರ ತೆಗೆಯಬಹುದು. ಅವರಿಗೆ ಕಾಣಲೇ ಇಲ್ಲವೆಂದರೆ, ಮೋಡ ಅಡ್ಡ ಇಲ್ಲದಿದ್ದರೆ, ಅದು ನಿಮ್ಮ ಬಡಾವಣೆಯ ಮೇಲೆಯೇ ಎಲ್ಲೋ ಇದೆ. ಅಕ್ಕಪಕ್ಕದಲ್ಲಿ ಮದುವೆ ನಡೆಯುತ್ತಿದೆಯೇ ವಿಚಾರಿಸಿ, ಡ್ರೋನ್ ತಂದಿರುತ್ತಾರೆ.